ಯಾರ ತಲೆ?

ಪರಿಸರ ಇಲಾಖೆಯ ಉದ್ದ ಮೇಜಿನ ಸುತ್ತ ಕುಳಿತಿದ್ದ ಮೂವತ್ತೆಂಟು ಮಂದಿ ಅಧಿಕಾರಿಗಳ ಮುಂದೆ ಅನುವಾದಕ ತನ್ನ ಅನುವಾದವನ್ನು ತಾನೇ ಗಟ್ಟಿಯಾಗಿ ಓದಬೇಕಾಗಿ ಬಂದದ್ದು ಅವನ ಗ್ರಹಚಾರ. ಈ ಬರಹ ಬರೆದವನೇ ಆ ಅನುವಾದಕನಿರಬಹುದೆಂದು ಯಾರಾದರೂ ಗುಮಾನಿಪಟ್ಟರೆ, ಅಲ್ಲವೆಂದು ಆಣೆಯಿಡುವ ಧೈರ್ಯ ಬರೆದವನಿಗಿಲ್ಲ.

ವಿಷಯ ದೊಡ್ಡದು. ಭೂಮಿ ಬಿಸಿಯೇರುತ್ತಿದೆ, ಗಾಳಿಗೆ ಇನ್ನು ಸೇರಿಸಬಹುದಾದ ಹೊಗೆ ಇಷ್ಟೇ ಎಂದು ವಿಜ್ಞಾನಿಗಳು ಹೇಳಿಬಿಟ್ಟಿದ್ದರು. ಆ ಇಷ್ಟರಲ್ಲಿ ಯಾವ ದೇಶದ ಪಾಲು ಎಷ್ಟು ಎಂದು ತೀರ್ಮಾನಿಸಲು ಎಲ್ಲ ದೇಶಗಳೂ ಸಮ್ಮೇಳನ ಸೇರಲಿದ್ದವು. ಅಲ್ಲಿ ಮಂಡಿಸಬೇಕಾದ ನಿಲುವನ್ನು ಮಂತ್ರಿಮಂಡಲ ಸಮ್ಮೇಳನದ ಭಾಷೆಯಲ್ಲಿ ಒಪ್ಪಿಯಾಗಿತ್ತು. ಅದನ್ನು ನಾಡಭಾಷೆಗೆ ತರುವುದಷ್ಟೇ ಬಾಕಿ. "ಹೊಗೆ" ಎಂಬ ಪುಟ್ಟ ಪದ ಅಂಥ ಘನ ವಿಷಯಕ್ಕೆ ತೀರ ಬಡಕಲೆನಿಸಿ, ಅನುವಾದಕ ನಿಘಂಟಿನ ತಳ ಕೆದಕಿ "ವಿಸರ್ಜನೆ" ಎಂಬುದನ್ನು ಎತ್ತಿ ತಂದಿದ್ದ. ತಂದವನಿಗೆ ಅದರ ವಾಸನೆ ಹೊಡೆದಿರಲಿಲ್ಲ.

"ಪ್ರತಿಯೊಂದು ರಾಷ್ಟ್ರಕ್ಕೂ ವಿಸರ್ಜನೆಯ ಹಕ್ಕಿದೆ" ಎಂದು ಗಂಭೀರವಾಗಿ ಶುರುಮಾಡಿದ. ಯಾರೋ ಕೆಮ್ಮಿದರು. "ಆದರೆ ಯಾರೂ ತಮ್ಮ ಪಾಲಿಗಿಂತ ಹೆಚ್ಚು ವಿಸರ್ಜಿಸತಕ್ಕದ್ದಲ್ಲ." ಕೆಮ್ಮು ಮೇಜಿನ ಸುತ್ತ ಹಬ್ಬಿತು. ಕೆಮ್ಮನ್ನು ಮೆಚ್ಚುಗೆಯೆಂದು ತಿಳಿದು ಅನುವಾದಕ ದನಿ ಏರಿಸಿದ. "ಹಿಂದಿನ ಶತಮಾನದಲ್ಲಿ ಮಿತಿಮೀರಿ ವಿಸರ್ಜಿಸಿದ ರಾಷ್ಟ್ರಗಳು ಇನ್ನು ಮುಂದೆ ತಡೆದುಕೊಳ್ಳತಕ್ಕದ್ದು!"

ನಿಯೋಗದ ಮುಖ್ಯಸ್ಥೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಐದು ನಿಮಿಷ ಬಿಡುವು. ಯಾರಾದ್ರೂ ಹಕ್ಕು ಚಲಾಯಿಸಿ ಬರೋದಿದ್ರೆ ಹೋಗಿಬನ್ನಿ."

ಅಧಿಕಾರಿಗಳು ನಕ್ಕು ಸುಸ್ತಾದ ಮೇಲೆ ಇಲಾಖೆಯ ಕಾರ್ಯದರ್ಶಿಗಳು ಅನುವಾದಕನನ್ನು ಮೂಲೆಗೆ ಕರೆದರು. ಅವರು ಮಾತ್ರ ನಗುತ್ತಿರಲಿಲ್ಲ. "ಇನ್ನೊಂದು ತಪ್ಪು ಸಿಕ್ಕಲಿ, ನಿಮ್ಮನ್ನ ಹಳೇ ಕಡತಗಳ ಗೋದಾಮಿಗೆ ವಿಸರ್ಜಿಸ್ತೀನಿ."

ಅನುವಾದಕ ಆ ವಾರವಿಡೀ ತಲೆತಗ್ಗಿಸಿ ಕೂತು, ವಿಸರ್ಜನೆಯನ್ನೆಲ್ಲ ತೊಳೆದು, ಇದ್ದಲ್ಲೆಲ್ಲ ಹೊಗೆಯನ್ನೇ ಹಾಕಿ, ಇಪ್ಪತ್ತೆರಡು ಪುಟಗಳನ್ನು ಅಚ್ಚಿಗೆ ಕಳಿಸಿದ. ಇನ್ನು ತಪ್ಪು ಹುಡುಕುವವರು ಹುಟ್ಟಿ ಬರಬೇಕು ಎಂದುಕೊಂಡ. ಅವರು ಹುಟ್ಟಿ ಐವತ್ತೆಂಟು ವರ್ಷವಾಗುತ್ತ ಬಂದಿತ್ತು. ಅವನ ಅಣ್ಣನ ಹೆಂಡತಿ.

ಅತ್ತಿಗೆ ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಅಚ್ಚಿಗೆ ಹೋಗುವ ಮುನ್ನ ಪ್ರತಿ ಹಾಳೆಯನ್ನೂ ಮೂಲದ ಜೊತೆ ಹೋಲಿಸಿ ಓದಿ ತಪ್ಪು ಹಿಡಿಯುವ ಕೆಲಸ. ಕರಡು ತಿದ್ದುವವರನ್ನು "ಕರಡಮ್ಮ" ಎನ್ನಲು ಹೊರಟ ನಾಲಿಗೆಗಳು ಹಾದಿಯಲ್ಲೇ ಜಾರಿ, ಇಡೀ ಮುದ್ರಣಾಲಯದಲ್ಲಿ ಅವರ ಹೆಸರು "ಕರಡಿಯಮ್ಮ" ಎಂದಾಗಿತ್ತು. ಅದು ಅವರಿಗೂ ಗೊತ್ತಿತ್ತು. ಯಾರೋ ಕಿಡಿಗೇಡಿ ಮೇಜಿನ ಮೇಲೆ ಇಟ್ಟುಹೋದ ಬಟ್ಟೆಯ ಕರಡಿಯ ಕೊರಳಿಗೆ "ನೋಡಿದೆ, ಸರಿಯಿದೆ" ಎಂಬ ಚೀಟಿ ಕಟ್ಟಿ ಅಲ್ಲೇ ಕೂರಿಸಿಕೊಂಡಿದ್ದರು.

ಅವರ ತಂದೆ ಅದೇ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರು. ಸೀಸದ ಅಚ್ಚುಮೊಳೆಗಳ ಮೇಲೆ ಅಕ್ಷರಗಳು ತಿರುಗುಮುರುಗಾಗಿರುತ್ತವೆ. ಮನೆಗೆ ತಂದ ಸವೆದ ಮೊಳೆಗಳನ್ನೇ ಆಟಿಕೆ ಮಾಡಿಕೊಂಡ ಹುಡುಗಿ ಶಾಲೆಗೆ ಸೇರುವ ಮೊದಲೇ ಅಕ್ಷರ ಕಲಿತಳು, ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ. ಮೇಷ್ಟ್ರು ತಲೆ ಚಚ್ಚಿಕೊಂಡರಂತೆ. ಮುಂದೆ ಅದೇ ಒಳ್ಳೆಯದಾಯಿತು. ಸರಿಯಾಗಿ ಕಾಣುವ ಯಾವುದನ್ನೂ ಎರಡು ಸಲ ನೋಡದೆ ನಂಬಬಾರದೆಂಬ ಪಾಠ ಮೊದಲ ದಿನವೇ ಆಯಿತು.

ಇಪ್ಪತ್ತೆರಡನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಅವರದು ಕರಡು ತಿದ್ದುವವರ ಪಕ್ಕ ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ. ಪದಗಳ ಜೊತೆ ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಓದಬೇಕು. ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚುವ ಅಣ್ಣ ಈಗಲೂ ಹೇಳುವುದುಂಟು: "ಮದುವೆಯಾದ ಮೊದಲ ವರ್ಷ ಜಗಳದಲ್ಲೂ ಅಲ್ಪವಿರಾಮ ಹೇಳ್ತಿದ್ದಳು ಕಣೋ. ಪೂರ್ಣವಿರಾಮಕ್ಕೆ ನಾನು ಕಾದಿದ್ದೇ ಕಾದಿದ್ದು."

ಅತ್ತಿಗೆಯ ಕೀರ್ತಿಯೆಲ್ಲ ಅಂಚಿನಲ್ಲಿ ಬರೆಯುವ ಪ್ರಶ್ನೆಗಳಿಂದ ಬಂದದ್ದು. ಅಕ್ಷರದ ತಪ್ಪಾದರೆ ಕೆಂಪು ಶಾಯಿಯಲ್ಲಿ ತಾವೇ ತಿದ್ದುತ್ತಾರೆ. ಅರ್ಥವೇ ಅನುಮಾನವಾದರೆ ಮುಟ್ಟುವ ಹಕ್ಕಿಲ್ಲ. ನೀಲಿ ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಪ್ರಶ್ನೆ ಬರೆಯಬೇಕು. ಅದಕ್ಕೆ ಬರೆದವರೋ ಅವರ ಇಲಾಖೆಯವರೋ ಶಾಯಿಯಲ್ಲಿ ಉತ್ತರ ಬರೆದು ಸಹಿ ಮಾಡುವ ತನಕ ಹಾಳೆ ಯಂತ್ರ ಹತ್ತುವುದಿಲ್ಲ. ಇದು ಮುದ್ರಣಾಲಯದ ಹಳೆಯ ನಿಯಮ. ಉಳಿದವರು ಮರೆತಿದ್ದರು, ಅತ್ತಿಗೆ ಮರೆತಿರಲಿಲ್ಲ. ಒಮ್ಮೆ ಮಂತ್ರಿಗಳು ಸೇತುವೆಗೆ ಅಡಿಗಲ್ಲು ಹಾಕಿದ ವರದಿಯಲ್ಲಿ "ಅಡ್ಡಗಾಲು ಹಾಕಿದರು" ಎಂದು ಜೋಡಣೆಯಾಗಿತ್ತು. ಅತ್ತಿಗೆ ತಿದ್ದಲಿಲ್ಲ. ನೀಲಿಯಲ್ಲಿ ಸುತ್ತು ಹಾಕಿ "ಯಾವುದು ನಿಜ?" ಎಂದು ಕೇಳಿದರು. ಉತ್ತರ ಬರಲು ಒಂಬತ್ತು ದಿನ ಹಿಡಿಯಿತು.

ಅವರಿಗೆ ಬದುಕಿನಲ್ಲಿ ಒಂದೇ ಆಸೆ ಉಳಿದಿತ್ತು. ದೇಶದ ಕಾನೂನುಗಳನ್ನೆಲ್ಲ ಹದಿಮೂರು ಸಂಪುಟಗಳಲ್ಲಿ ಅಚ್ಚು ಮಾಡುವ ಕೆಲಸ ಹತ್ತು ವರ್ಷದಿಂದ ಅವರ ಕೈಯಲ್ಲಿ ನಡೆದಿತ್ತು. ಹನ್ನೊಂದು ಹೊರಬಂದಿದ್ದವು. ಹದಿಮೂರನೆಯದರ ಕೊನೆಯ ಪುಟಕ್ಕೆ "ಅಚ್ಚಿಗೆ ಯೋಗ್ಯ" ಎಂದು ಸಹಿ ಹಾಕಿ ಪೆನ್ನು ಮುಚ್ಚಬೇಕು. ಆದರೆ ನಿವೃತ್ತಿಗೆ ನಾಲ್ಕು ತಿಂಗಳು. ಎರಡು ವರ್ಷದ ಮುಂದುವರಿಕೆ ಕೋರಿ ಬರೆದಿದ್ದ ಅರ್ಜಿ ಯಾರ ಮೇಜಿನ ಮೇಲಿತ್ತೆಂದರೆ, ಮುದ್ರಣಾಲಯದ ಹೆಚ್ಚುವರಿ ಹೊಣೆಯನ್ನೂ ಹೊತ್ತಿದ್ದ ಅದೇ ಕಾರ್ಯದರ್ಶಿಗಳ ಮೇಜಿನ ಮೇಲೆ.

ಸೋಮವಾರ ಅನುವಾದಕನ ಇಪ್ಪತ್ತೆರಡು ಪುಟಗಳು ಮುದ್ರಣಾಲಯದಿಂದ ವಾಪಸು ಬಂದವು. ಕೆಂಪು ಶಾಯಿ ಅಲ್ಲಲ್ಲಿ ಸಣ್ಣಗೆ, ಸೊಳ್ಳೆ ಕಚ್ಚಿದಂತೆ. ಹದಿನೇಳನೇ ಪುಟದಲ್ಲಿ ಮಾತ್ರ ನೀಲಿ ಸುತ್ತು. "ಉಳಿದಿರುವ ಹೊಗೆಯ ಅವಕಾಶವನ್ನು ದೇಶಗಳಿಗೆ ತಲಾ ಸಮಪಾಲಿನಂತೆ ಹಂಚತಕ್ಕದ್ದು" ಎಂಬ ಸಾಲಿನಲ್ಲಿ "ತಲಾ" ಎಂಬುದಕ್ಕೆ ಸುತ್ತು ಹಾಕಿ, ಅಂಚಿನಲ್ಲಿ ದುಂಡಗೆ ಬರೆದಿತ್ತು: "ಯಾರ ತಲೆ?"

ಅನುವಾದಕನಿಗೆ ಸಿಟ್ಟು ಬಂತು. ಮೂಲದಲ್ಲಿ ಒಬ್ಬೊಬ್ಬ ಮನುಷ್ಯನಿಗೂ ಸಮಪಾಲು ಎಂದಿತ್ತು. ತಲಾ ಎಂದರೆ ತಲೆಗೆ ಇಷ್ಟು ಎಂದಲ್ಲವೇ? ಇನ್ನೇನು ಬೇಕು ಕರಡಿಗೆ?

ಎದುರುಬಾಗಿಲಿನ ಮನೆಯಲ್ಲಿ ಒಂಟಿಯಾಗಿದ್ದ ಅವನಿಗೆ ಹತ್ತೊಂಬತ್ತು ವರ್ಷದಿಂದ ಸಂಜೆಯ ಊಟ ಅಣ್ಣನ ಮನೆಯಲ್ಲೇ. ತಟ್ಟೆಯ ಮುಂದೆ ಕೂತವನೇ ಕೇಳಿದ. "ಅತ್ತಿಗೆ, ಏನಿದು ಯಾರ ತಲೆ?"

"ಅದು ಆಫೀಸಿನ ಪ್ರಶ್ನೆ. ಉತ್ತರ ಆಫೀಸಿಗೇ ಬರಲಿ. ಪಲ್ಯ ಹಾಕ್ಲಾ?"

"ತಲಾ ಅಂದ್ರೆ ತಲೆಗೆ ಅಂತ ಚಿಕ್ಕ ಮಗೂಗೂ ಗೊತ್ತು."

"ಮಗೂನ ಕೇಳಿ ಬರೆದೆಯಾ? ನಾನು ನೀನೇ ಬರೆದಿದ್ದು ಅಂದ್ಕೊಂಡಿದ್ದೆ."

ಅಣ್ಣ ಖುಷಿಯಿಂದ ನಡುವೆ ಬಾಯಿ ಹಾಕಿದ. "ತಲೆ ವಿಷಯ ನನ್ನ ಕೇಳು. ನಮ್ಮ ಕಟ್ಟಡದ ಮಾಳಿಗೆ ಮೇಲೆ ಬಿಸಿನೀರಿನ ಟ್ಯಾಂಕ್ ಹಾಕಿದಾಗ ಆರು ಮನೆಗೂ ತಲಾ ನಾಲ್ಕು ಬಕೆಟ್ ಅಂತ ಇತ್ತು, ನೆನಪಿದೆಯಾ? ನಾವು ಇಬ್ಬರು, ನಾಲ್ಕು ಬಕೆಟ್. ಕೆಳಗಿನ ಮನೆಯಲ್ಲಿ ಒಂಬತ್ತು ಜನ, ಅವರಿಗೂ ನಾಲ್ಕು. ಯಾರೂ ಗೊಣಗಿರಲಿಲ್ಲ. ಅಂದ್ರೆ, ನಾನು ಗೊಣಗಿರಲಿಲ್ಲ. ಇವಳು ಸಭೆಯಲ್ಲಿ ಎದ್ದು ನಿಂತು, ಸ್ನಾನ ಮಾಡೋದು ಮನೆಯಲ್ಲ, ಮನುಷ್ಯ, ಅಂದಳು. ಅವತ್ತಿಂದ ಆಳಿಗೆ ಮುಕ್ಕಾಲು ಬಕೆಟ್. ಇವಳ ತಲೆಯಿಂದ ನನ್ನ ತಲೆಗೆ ನೀರಿಲ್ಲ."

"ಮೇಲಿನ ಮನೆಯವರ ಟಬ್ಬಿನ ಕತೇನೂ ಹೇಳಿ" ಎಂದರು ಅತ್ತಿಗೆ.

"ಹ್ಞಾ, ಅದೊಂದು. ಹಂಚಿಕೆ ಬದಲಾಗೋ ಹೊತ್ತಿಗೆ ಆ ಮಹಾರಾಯ ಟಬ್ ತುಂಬಾ ತುಂಬಿಸ್ಕೊಂಡಿದ್ದ. ಇದನ್ನೂ ನಿಮ್ಮ ಪಾಲಿಗೆ ಹಿಡೀತೀವಿ ಅಂದ್ರೆ, ಇದು ರೂಲ್ಸ್ ಬರೋಕೆ ಮುಂಚೆ ತುಂಬಿದ್ದು ಅಂತಾನೆ! ಒಂದು ವಾರ ಅವನ ಸರದಿ ತಪ್ಪಿಸಿದ್ವಿ ನೋಡು, ತಣ್ಣಗಾದ. ನಿಮ್ಮ ಆ ಹಳೇ ಹೊಗೆ ದೇಶಗಳೂ ಹೀಗೇ ಅಂತಾವಂತಲ್ಲ?"

ಅನುವಾದಕನ ಕೈ ತುತ್ತಿನ ಸಮೇತ ನಡುದಾರಿಯಲ್ಲಿ ನಿಂತಿತ್ತು. ಆರು ಮನೆಗೂ ತಲಾ ನಾಲ್ಕು. ಮನೆಗೆ ತಲಾ. ದೇಶಗಳಿಗೆ ತಲಾ. ಆ ಹಾಳು ಪದದ ಹೊಟ್ಟೆಯಲ್ಲಿ ತಲೆಯಿದ್ದರೂ ಅದಕ್ಕೆ ಸ್ವಂತ ತಲೆಯಿಲ್ಲ, ಹಿಂದೆ ಯಾರು ನಿಂತಿದ್ದಾರೋ ಅವರ ತಲೆಯನ್ನೇ ಅದು ಎಣಿಸುವುದು! ಅವನು ಬರೆದ ಸಾಲಿನ ಪ್ರಕಾರ ಒಂಬತ್ತು ಲಕ್ಷ ಜನರ ಈ ಪುಟ್ಟ ದೇಶಕ್ಕೂ ನೂರು ಕೋಟಿ ಜನರ ದೇಶಕ್ಕೂ ಒಂದೇ ಅಳತೆಯ ಹೊಗೆ. ಮಂತ್ರಿಮಂಡಲ ಒಪ್ಪಿದ್ದಕ್ಕೆ ಸರೀ ಉಲ್ಟಾ. ಸಾಲದ್ದಕ್ಕೆ, ಕಾನೂನಿನ ಪ್ರಕಾರ ನಾಡಭಾಷೆಯಲ್ಲಿ ಅಚ್ಚಾದದ್ದೇ ಅಧಿಕೃತ. ನಿಯೋಗ ಅದನ್ನೇ ಮಂಡಿಸಬೇಕು.

ಹಳೇ ಕಡತಗಳ ಗೋದಾಮು ಅವನ ಕಣ್ಣಮುಂದೆ ಬಾಗಿಲು ತೆರೆದು ನಿಂತಿತು.

ಮರುದಿನ ಬೆಳಗ್ಗೆ ಕಾಲೆಳೆದುಕೊಂಡು ಹೋಗಿ ಕಾರ್ಯದರ್ಶಿಗಳ ಮುಂದೆ ತಪ್ಪೊಪ್ಪಿಕೊಂಡ. ಅವರು ಸಾಲನ್ನು ಒಮ್ಮೆ ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ಎದ್ದು ಬಂದು ಅನುವಾದಕನ ಬೆನ್ನು ತಟ್ಟಿದರು.

"ಎಂಥ ಸಾಲು ಬರೆದಿದ್ದೀರಿ ಮಾರಾಯ್ರೇ! ದೇಶಕ್ಕೊಂದು ಪಾಲು ಅಂದ್ರೆ ಒಂಬತ್ತು ಲಕ್ಷ ಜನಕ್ಕೆ ನೂರು ಕೋಟಿ ಜನದ ಹೊಗೆ. ಇನ್ನು ಮುನ್ನೂರು ವರ್ಷ ನಾವು ಬೇಕಾದಷ್ಟು ಉರಿಸ್ಕೊಂಡಿರಬಹುದು. ಅಚ್ಚಾಗ್ಲಿ ಬಿಡಿ."

"ಮೂಲದಲ್ಲಿ ಹಾಗಿಲ್ಲ ಸಾರ್."

"ಮೂಲ ಯಾರು ನೋಡ್ತಾರೆ? ಮುಖ್ಯಸ್ಥರು ಆಗ್ಲೇ ಪೂರ್ವಭಾವಿ ಮಾತುಕತೆಗೆ ಹೊರಟಾಯ್ತು. ನಡೀರಿ ಮುದ್ರಣಾಲಯಕ್ಕೆ, ನಾನೇ ಹೇಳ್ತೀನಿ."

ಕಾರ್ಯದರ್ಶಿಗಳು ಕೆಟ್ಟವರಲ್ಲ. ಸಿಕ್ಕಿದ್ದನ್ನು ಬಿಡಬಾರದು, ಕೇಳದಿದ್ದರೆ ಹೇಳಬಾರದು ಎಂಬ ಎರಡು ಸೂತ್ರಗಳ ಮೇಲೆ ಸಂಸಾರವನ್ನೂ ಇಲಾಖೆಯನ್ನೂ ತೂಗಿಸಿಕೊಂಡು ಬಂದವರು. ದೇಶಕ್ಕೆ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ಅವರು ಮನಸಾರೆ ನಂಬಿದ್ದರು. ಅವರ ಹಿಂದೆ ಕಾರು ಹತ್ತಿದ ಅನುವಾದಕನಿಗೂ, ನಿಜ ಹೇಳಬೇಕೆಂದರೆ, ಆ ನಂಬಿಕೆ ನಿಧಾನವಾಗಿ ಹಿತವಾಗತೊಡಗಿತ್ತು. ತನ್ನ ತಪ್ಪಿನಿಂದ ದೇಶವೇ ಉದ್ಧಾರವಾಗುವುದಾದರೆ ಬೇಡವೆನ್ನಲು ತಾನ್ಯಾರು?

ಅತ್ತಿಗೆಯ ಕೋಣೆ ಯಂತ್ರಗಳ ಸಾಲಿನಾಚೆ, ಮೆಟ್ಟಿಲ ಕೆಳಗೆ. ಒಂದು ಇಳಿಜಾರು ಮೇಜು, ಸಾಲಿನ ಮೇಲಿಟ್ಟು ಓದುವ ರಟ್ಟಿನ ಪಟ್ಟಿ, ಎರಡು ಶಾಯಿಯ ದವತಿ, ಮೂಲೆಯಲ್ಲಿ ಹನ್ನೆರಡನೇ ಸಂಪುಟದ ಕರಡಿನ ಕಟ್ಟು. ಯಂತ್ರಗಳ ಗದ್ದಲಕ್ಕೆ ಗೋಡೆ ಸಣ್ಣಗೆ ನಡುಗುತ್ತಿತ್ತು. ಕಾರ್ಯದರ್ಶಿಗಳನ್ನು ಕಂಡು ಅತ್ತಿಗೆ ಎದ್ದು ನಿಂತರು, ಇದ್ದ ಒಂದೇ ಕುರ್ಚಿ ಕೊಟ್ಟರು.

"ಅಮ್ಮಾ, ಹದಿನೇಳನೇ ಪುಟ ಇದ್ದ ಹಾಗೇ ಹೋಗಲಿ."

"ಆಗಲಿ ಸಾರ್. ಪ್ರಶ್ನೆ ಪಕ್ಕದಲ್ಲಿ ಉತ್ತರ ಬರೆದು ಒಂದು ಸಹಿ ಹಾಕಿಬಿಡಿ."

"ಬಾಯಲ್ಲಿ ಹೇಳ್ತಿದ್ದೀನಲ್ಲ."

"ಬಾಯಿಮಾತು ಅಚ್ಚಾಗಲ್ಲ ಸಾರ್. ದೇಶದ ತಲೆ ಅಂತ ಬರೀರಿ, ಸಾಕು. ಇವತ್ತು ಮಧ್ಯಾಹ್ನವೇ ಯಂತ್ರಕ್ಕೆ ಏರಿಸ್ತೀನಿ."

ಕಾರ್ಯದರ್ಶಿಗಳು ಪೆನ್ನಿನ ಮುಚ್ಚಳ ತೆಗೆದರು. ಹಾಳೆ ನೋಡಿದರು. ಮಂತ್ರಿಮಂಡಲ ಒಪ್ಪಿದ ಮಾತಿನ ಪಕ್ಕದಲ್ಲಿ, ಅದಕ್ಕೆ ವಿರುದ್ಧವಾದ ಎರಡು ಪದ, ಅದರ ಕೆಳಗೆ ತಮ್ಮ ಸಹಿ. ಮುಚ್ಚಳ ಹಾಕಿದರು.

"ಅಮ್ಮಾ, ನಿಮ್ಮದೊಂದು ಅರ್ಜಿ ನನ್ನ ಮೇಜಿನ ಮೇಲಿದೆ. ಹದಿಮೂರನೇ ಸಂಪುಟ ಮುಗಿಸಬೇಕು ಅಂತಿದ್ದೀರಂತೆ."

"ಹೌದು ಸಾರ್. ತುಂಬಾ ಆಸೆ ಇದೆ."

"ಮತ್ತೆ?"

"ಮತ್ತೆ, ಇಲ್ಲಿ ಒಂದು ಸಹಿ ಸಾರ್."

ಯಂತ್ರವೊಂದು ನಿಂತು ಮತ್ತೆ ಶುರುವಾಯಿತು. ಕಾರ್ಯದರ್ಶಿಗಳಿಗೆ ಏನೋ ಹೊಳೆಯಿತು. ಅವರು ಪೆನ್ನನ್ನು ಅನುವಾದಕನ ಕೈಗಿಟ್ಟರು. "ಬರೆದವರು ಇವರೇ ತಾನೇ? ಉತ್ತರ ಇವರೇ ಬರೀಲಿ. ನಿಯಮದಲ್ಲಿ ಅದಕ್ಕೇನೂ ಅಡ್ಡಿಯಿಲ್ಲವಲ್ಲ?"

"ಇಲ್ಲ ಸಾರ್" ಎಂದರು ಅತ್ತಿಗೆ.

ಅನುವಾದಕನಿಗೆ ಪೆನ್ನು ಎಂದೂ ಅಷ್ಟು ಭಾರವೆನಿಸಿರಲಿಲ್ಲ. "ದೇಶದ ತಲೆ" ಎಂದು ಗೀಚಿದರೆ ಸಾಕು. ಅವನ ತಪ್ಪು ತಪ್ಪೇ ಅಲ್ಲವಾಗುತ್ತದೆ, ಗೋದಾಮು ತಪ್ಪುತ್ತದೆ, ಅತ್ತಿಗೆಗೆ ಎರಡು ವರ್ಷ ಸಿಗುತ್ತದೆ, ದೇಶಕ್ಕೆ ಬೆಟ್ಟದಷ್ಟು ಹೊಗೆ ಬರುತ್ತದೆ. ಹಾಳಾಗುವವರು ಯಾರೋ, ಎಲ್ಲೋ, ಕೋಟಿಗಟ್ಟಲೆ ಇರುವವರು, ಒಂದೊಂದು ತಲೆಗೂ ಬಿಸಿನೀರಿನ ಒಂದೊಂದು ಚೊಂಬು ಕಡಿಮೆಯಾದರೆ ಅವರಿಗೆ ಗೊತ್ತೂ ಆಗಲಿಕ್ಕಿಲ್ಲ. ಅವನು ಅತ್ತಿಗೆಯ ಮುಖ ನೋಡಿದ.

"ಅತ್ತಿಗೆ, ನೀವೇ ಹೇಳಿ. ಏನು ಬರೀಲಿ?"

ಅತ್ತಿಗೆ ಹಾಳೆಯಿಂದ ಕಣ್ಣೆತ್ತಲಿಲ್ಲ. "ಈ ಕೋಣೆಯಲ್ಲಿ ನಾನು ಕರಡು ನೋಡೋಳು, ನೀವು ಅನುವಾದಕರು. ಮೂಲದಲ್ಲಿ ಏನಿದೆಯೋ ಅದನ್ನ ಬರೀರಿ."

ಹತ್ತೊಂಬತ್ತು ವರ್ಷ ಅವರ ಕೈಯ ಊಟ ಉಂಡವನಿಗೆ ಅವರಿಂದ ಮೊದಲ ಬಾರಿ "ನೀವು" ಎನ್ನಿಸಿಕೊಂಡದ್ದು ಕಪಾಳಕ್ಕೆ ಕೊಟ್ಟಂತಾಯಿತು. ಒಂದು ಕ್ಷಣ ಬಿಟ್ಟು ಬಿರುದು ಕೊಟ್ಟಂತೆಯೂ ಆಯಿತು. ಅವನು ಬಗ್ಗಿ ಬರೆದ: "ಜನರ ತಲೆ. ತಪ್ಪು ಅನುವಾದಕನದು." ಸಹಿ ಹಾಕಿದ.

ಅತ್ತಿಗೆ ಹಾಳೆ ಎಳೆದುಕೊಂಡು ರಟ್ಟಿನ ಪಟ್ಟಿಯನ್ನು ಸಾಲಿನ ಕೆಳಗಿಟ್ಟರು. "ದೇಶಗಳಿಗೆ" ಎಂಬುದನ್ನು ಕೆಂಪಿನಲ್ಲಿ ಹೊಡೆದು ಮೇಲೆ "ದೇಶಗಳ ಜನರಿಗೆ" ಎಂದು ಬರೆದರು. ಆಮೇಲೆ ಅನುವಾದಕನ ಉತ್ತರದ ಮೇಲೆ ಪೆನ್ನು ಹೋಯಿತು. ಅವಸರದಲ್ಲಿ ಅವನು "ಅನುವಾಧಕ" ಎಂದು ಬರೆದಿದ್ದ. ಅದನ್ನೂ ತಿದ್ದಿದರು.

ಮುಂದಿನದು ಬೇಗ ಬೇಗ ನಡೆಯಿತು. ಅನುವಾದಕ ಹಳೇ ಕಡತಗಳ ಗೋದಾಮು ಸೇರಿದ. ಅಲ್ಲಿ ಧೂಳು ಬಿಟ್ಟರೆ ಯಾವ ಭಾಷೆಯಿಂದಲೂ ಯಾವ ಭಾಷೆಗೂ ಏನೂ ಹೋಗುತ್ತಿರಲಿಲ್ಲ. ಅತ್ತಿಗೆಯ ಅರ್ಜಿ ಕಾರ್ಯದರ್ಶಿಗಳ ಮೇಜಿನ ಮೇಲೆಯೇ ಮುದಿಯಾಯಿತು. ಅತ್ತಿಗೆ ದಿನಕ್ಕೆ ಎರಡು ಗಂಟೆ ಹೆಚ್ಚು ಕೂತು ಹನ್ನೆರಡನೇ ಸಂಪುಟ ಮುಗಿಸಿದರು, ಅಷ್ಟೆ.

ಸಮ್ಮೇಳನದ ಸುದ್ದಿ ತಂದವನು ಅಣ್ಣ. ಒಂದು ಸಂಜೆ ಡಿಪೋದಿಂದ ಗ್ರೀಸಿನ ಕೈಯಲ್ಲೇ ಪತ್ರಿಕೆ ಹಿಡಿದುಕೊಂಡು ಓಡಿಬಂದು, ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದ. ಹೆಂಡತಿಗೆ ಮರ್ಯಾದೆಯೆಂದು ಅಲ್ಪವಿರಾಮಗಳನ್ನೂ ಓದಿದ. ನಿಯೋಗದ ಮುಖ್ಯಸ್ಥೆ ನಿಲುವು ಮಂಡಿಸಿದಾಗ ದೊಡ್ಡ ದೇಶವೊಂದರ ಪ್ರತಿನಿಧಿ ಎದ್ದು ನಿಂತು, ಪುಟ್ಟ ದೇಶದವರು ದೇಶಕ್ಕೊಂದು ಪಾಲು ಕೇಳುವುದು ಬಿಟ್ಟು ತಲೆಗೊಂದು ಪಾಲು ಕೇಳುತ್ತೀರಲ್ಲ, ನಿಮಗೇ ನಷ್ಟವಲ್ಲವೇ ಎಂದು ಕೇಳಿದನಂತೆ. "ಅಲ್ಪವಿರಾಮ. ಅದಕ್ಕೆ ಮುಖ್ಯಸ್ಥೆ, ಬೇರೆ ರೀತಿ ಬರೆದರೆ ನಮ್ಮ ಮುದ್ರಣಾಲಯ ಅಚ್ಚು ಮಾಡುವುದಿಲ್ಲ, ಎಂದು ಉತ್ತರಿಸಿದರು. ಪೂರ್ಣವಿರಾಮ!" ಸಭೆ ನಕ್ಕಿತಂತೆ. ಹದಿನೇಳನೇ ಪುಟದ ಕತೆ ಮುಖ್ಯಸ್ಥೆಯ ಕಿವಿಗೆ ಹೇಗೆ ಬಿತ್ತೋ ಗೊತ್ತಿಲ್ಲ. ಕೊನೆಗೆ ಎಷ್ಟೋ ದೇಶಗಳು ಆ ಸಾಲನ್ನು ಹಿಡಿದು ನಿಂತವು. ಹಳೇ ಹೊಗೆಯವರು ಒಪ್ಪಲಿಲ್ಲ. ಮುಂದಿನ ಸಮ್ಮೇಳನಕ್ಕೆಂದು "ಜನರಿಗೆ" ಎಂಬ ಪದವನ್ನು ಕಂಸದೊಳಗೆ ಹಾಕಿ ಇಟ್ಟುಕೊಂಡರು.

"ಕಂಸದೊಳಗಾ?" ಅತ್ತಿಗೆ ಮುಖ ಸಿಂಡರಿಸಿದರು. "ಎರಡೂ ಕಡೆ ಮುಚ್ಚಿದ್ದಾರಂತಾ, ಇಲ್ಲ ಒಂದೇ ಕಡೆನಾ? ಮುಚ್ಚೋದು ಮರೆತುಬಿಡ್ತಾರೆ ಜನ."

ಆದರೆ ಅನುವಾದಕ ನೋಡಿದ. ಅಣ್ಣ ಕತ್ತರಿಸಿ ಕನ್ನಡಿಗೆ ಅಂಟಿಸಿದ ಆ ಸುದ್ದಿಯ ತುಂಡಿನ ಮುಂದೆ ಅತ್ತಿಗೆ ತಲೆ ಬಾಚುವ ನೆಪದಲ್ಲಿ ಬಹಳ ಹೊತ್ತು ನಿಂತಿದ್ದರು. ಅದರಲ್ಲಿ ತಪ್ಪು ಹುಡುಕುತ್ತಿರಲಿಲ್ಲ. ಅವನು ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಮಾರಂಭವನ್ನು ಕಂಡಿಲ್ಲ. ತನ್ನ ತಪ್ಪು ಅಷ್ಟು ದೊಡ್ಡ ಸಭೆಯ ತನಕ ಹೋಗದಂತೆ ತಡೆದವರು ತನಗೆ ದಿನವೂ ಬಡಿಸುವವರು ಎಂದು ಗೋದಾಮಿನ ಕಪಾಟುಗಳಿಗೆಲ್ಲ ಹೇಳಿಕೊಂಡು ಬಂದ. ಕೇಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಕೊನೆಯ ದಿನ ಮುದ್ರಣಾಲಯದ ಅಂಗಳದಲ್ಲಿ ಬೀಳ್ಕೊಡುಗೆ. ಯಂತ್ರಗಳನ್ನು ಅರ್ಧ ಗಂಟೆ ನಿಲ್ಲಿಸಿದ್ದರು. ಮೊಳೆ ಜೋಡಿಸುವವರು, ಕಾಗದ ಮಡಿಸುವವರು, ಹೊಲಿಗೆಯವರು ಎಲ್ಲ ಕೈ ಒರೆಸಿಕೊಂಡು ಬಂದು ನಿಂತರು. ಕರೆಯದೆಯೂ ನಿಯೋಗದ ಮುಖ್ಯಸ್ಥೆ ಬಂದರು. ಬಂದವರು ಮುಂದಿನ ಸಾಲಿನ ಕುರ್ಚಿ ಬಿಟ್ಟು ಕೆಲಸಗಾರರ ನಡುವೆ ನಿಂತೇ ಇದ್ದರು. ಹದಿಮೂರನೇ ಸಂಪುಟದ ಕರಡಿನ ಕಟ್ಟನ್ನು ಅತ್ತಿಗೆ ತಮ್ಮ ಜಾಗಕ್ಕೆ ಬಂದ ಹೆಣ್ಣುಮಗಳ ಕೈಗೆ ಕೊಟ್ಟು, ಅದರ ಮೇಲಿದ್ದ ದಾರದ ಗಂಟನ್ನು ಇನ್ನೊಮ್ಮೆ ಬಿಗಿಮಾಡಿದರು. ಅನುವಾದಕ ಹಿಂದೆ ನಿಂತು ಮೂಗು ಒರೆಸಿಕೊಂಡ. ಅಣ್ಣ ಬಹಿರಂಗವಾಗಿಯೇ ಅತ್ತ.

ಎಲ್ಲರ ಮಾತು ಮುಗಿದ ಮೇಲೆ ಕಾರ್ಯದರ್ಶಿಗಳು ಹಾರ ಹಾಕಲು ಬಂದರು. ಹಾಕಿದರು, ಕೈ ಮುಗಿದರು, ಹೋಗಬೇಕಾದವರು ಹೋಗಲಿಲ್ಲ. ನಾಲ್ಕು ತಿಂಗಳಿಂದ ಅದುಮಿಟ್ಟಿದ್ದ ಪ್ರಶ್ನೆ ಹೊರಬಂತು.

"ಅಮ್ಮಾ, ಕೋಪ ಮಾಡ್ಕೋಬೇಡಿ. ಆವತ್ತು ನೀವು ಮಾಡಿದ ತಿದ್ದುಪಡಿಯಿಂದ ನಮ್ಮ ದೇಶಕ್ಕೆ ಎಷ್ಟು ನಷ್ಟ ಆಯ್ತು ಅಂತ ಯಾವತ್ತಾದ್ರೂ ಎಣಿಸಿ ನೋಡಿದ್ದೀರಾ?"

"ನೋಡಿದ್ದೀನಿ ಸಾರ್" ಎಂದರು ಅತ್ತಿಗೆ. "ನಷ್ಟ ಇಲ್ಲ. ದೇಶಗಳಿಗೆ ಅಂತ ಐದಕ್ಷರ ಇದ್ದದ್ದು ಎಂಟಾಯ್ತು. ಮೂರಕ್ಷರ ಲಾಭ."